ಗಾಜಿನಲ್ಲಿದ್ದ ಸೀರಿಯಮ್ ನಿಜಕ್ಕೂ ಏನು ಮಾಡುತ್ತಿತ್ತು? ಒಂದು ಪ್ರಕರಣ ಅಧ್ಯಯನ

ಡೀಸೆಲ್ ಎಂಜಿನ್ನಿನ ಮಸಿಯನ್ನು ಕಡಿಮೆ ತಾಪದಲ್ಲೇ ಸುಡಬಲ್ಲ ಗಾಜಿನ ಲೇಪವೊಂದನ್ನು ತಯಾರಿಸಲು ಹೊರಟ ಒಂದು ಸಣ್ಣ ಸಂಶೋಧನಾ ತಂಡದ ಪ್ರಕರಣ ಇದು. ಗುರುತು ಸಿಗಬಾರದೆಂದು ಹೆಸರು, ಸಂಸ್ಥೆ, ಕಾಲ ಎಲ್ಲವನ್ನೂ ಬಿಟ್ಟಿದ್ದೇನೆ. ಗಾಜಿನ ಸಂಯೋಜನೆಯ ಅಂಕಿಗಳನ್ನು ದುಂಡಾಗಿಸಿದ್ದೇನೆ. ಅವರ ಮೊದಲ ಕರಡು ವರದಿಯನ್ನು ಹೊರಗಿನ ಓದುಗನಾಗಿ ಓದಿ, ಮುಂದೆ ಪ್ರಯೋಗಗಳ ಚರ್ಚೆಯಲ್ಲಿ ಕುಳಿತದ್ದಷ್ಟೇ ನನ್ನ ಪಾತ್ರ. ತಂಡದ ಮುಖ್ಯಸ್ಥೆ ಗಾಜಿನ ತಂತ್ರಜ್ಞೆ. ಜೊತೆಗೆ ಕ್ರಿಯಾವರ್ಧಕಗಳಲ್ಲಿ ಪಳಗಿದ ಒಬ್ಬ ರಸಾಯನಶಾಸ್ತ್ರಜ್ಞರು, ಇಬ್ಬರು ಸಂಶೋಧನಾ ವಿದ್ಯಾರ್ಥಿಗಳು.

ಹಿನ್ನೆಲೆ

ಸೀರಿಯಮ್, ಲ್ಯಾಂಥನಮ್, ನಿಯೋಡಿಮಿಯಮ್ ಮೊದಲಾದ ವಿರಳ ಭೂಲೋಹಗಳ ಆಕ್ಸೈಡುಗಳಿಗೂ ಗಾಜಿಗೂ ಹಳೆಯ ನಂಟಿದೆ. 1930ರ ದಶಕದಲ್ಲಿ ಗಾಜಿನ ವಿಜ್ಞಾನಿ ಜಾರ್ಜ್ ಮೋರಿ ಲ್ಯಾಂಥನಮ್ ಬೆರೆತ ಬೋರೇಟ್ ಗಾಜುಗಳನ್ನು ರೂಪಿಸಿದ ಮೇಲೆ ಕ್ಯಾಮೆರಾ ಮಸೂರಗಳ ವಿನ್ಯಾಸವೇ ಬದಲಾಯಿತು. ವಕ್ರೀಭವನ ಸೂಚ್ಯಂಕ ಹೆಚ್ಚಿದ್ದರೂ ಬಣ್ಣಗಳನ್ನು ಹೆಚ್ಚು ಚದುರಿಸದ ಗಾಜು ಅದಕ್ಕೂ ಮೊದಲು ಸಿಕ್ಕಿರಲಿಲ್ಲ. 1961ರಲ್ಲಿ ಎಲಿಯಾಸ್ ಸ್ನಿಟ್ಜರ್ ನಿಯೋಡಿಮಿಯಮ್ ಗಾಜಿನಿಂದ 1.06 ಮೈಕ್ರೋಮೀಟರ್ ತರಂಗಾಂತರದ ಲೇಸರ್ ಹೊಮ್ಮಿಸಿದರು. ಗಾಜು ಊದುವವರು ತೊಡುವ ಡಿಡಿಮಿಯಮ್ (ನಿಯೋಡಿಮಿಯಮ್, ಪ್ರೇಸಿಯೋಡಿಮಿಯಮ್ ಬೆರಕೆ) ಕನ್ನಡಕ ಸೋಡಿಯಮ್ಮಿನ 589 ನ್ಯಾನೋಮೀಟರ್ ಹಳದಿ ಬೆಳಕನ್ನು ನುಂಗಿಹಾಕುತ್ತದೆ. ವಿಕಿರಣವಿರುವ ಕೋಣೆಗಳ ದಪ್ಪ ಕಿಟಕಿಗಾಜು ಕಂದಾಗದಂತೆ ಕಾಯುವುದು ಅದರಲ್ಲಿರುವ ಸೀರಿಯಮ್.

ಈ ಎಲ್ಲ ಉಪಯೋಗಗಳಲ್ಲೂ ವಿರಳ ಭೂಲೋಹದ ಅಯಾನು ಗಾಜಿನ ಆಳದಲ್ಲಿ ಹೂತುಕೊಂಡೇ ಕೆಲಸ ಮಾಡುತ್ತದೆ ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಬೆಳಕು ಗಾಜನ್ನು ಹಾದುಹೋಗುವುದರಿಂದ ಅಯಾನು ಎಷ್ಟು ಆಳದಲ್ಲಿದ್ದರೂ ಅದರ ಕೈಗೆ ಬೆಳಕು ಸಿಗುತ್ತದೆ. ಕ್ರಿಯಾವರ್ಧನೆಯ ಕಥೆಯೇ ಬೇರೆ. ಅಲ್ಲಿ ಅನಿಲವೋ ಮಸಿಯೋ ಬಂದು ತಗಲುವುದು ಮೇಲ್ಮೈಯನ್ನು ಮಾತ್ರ. ಗೋಡೆಯೊಳಗೆ ಹೂತುಹೋದ ಬೀಗದಕೈಯಿಂದ ಬಾಗಿಲು ತೆರೆಯಲಾಗದು.

ಇನ್ನೊಂದು ಕಡೆ, ಸೀರಿಯಮ್ ಆಕ್ಸೈಡ್ ಅಂದರೆ ಸೀರಿಯಾ, ಕ್ರಿಯಾವರ್ಧಕಗಳ ಲೋಕದಲ್ಲಿ ಹೆಸರು ಮಾಡಿದ ವಸ್ತು. ಪೆಟ್ರೋಲ್ ವಾಹನಗಳ ಹೊಗೆ ಶುದ್ಧಿಕಾರಕದಲ್ಲಿ ಆಮ್ಲಜನಕ ಹೆಚ್ಚಾದಾಗ ಕೂಡಿಟ್ಟುಕೊಂಡು ಕಡಿಮೆಯಾದಾಗ ಬಿಟ್ಟುಕೊಡುವುದು ಅದೇ. ಸೀರಿಯಮ್ +4 ಮತ್ತು +3 ಎಂಬ ಎರಡು ಉತ್ಕರ್ಷಣ ಸ್ಥಿತಿಗಳ ನಡುವೆ ಸಲೀಸಾಗಿ ಓಡಾಡುವುದರಿಂದ ಇದು ಸಾಧ್ಯ. ಆದರೆ ಅದಕ್ಕೊಂದು ದೌರ್ಬಲ್ಯವಿದೆ. ಬಿಸಿ ಏರಿದಂತೆ ಅದರ ನವಿರು ಕಣಗಳು ಒಂದಕ್ಕೊಂದು ಬೆಸೆದುಕೊಂಡು ದಪ್ಪಗಾಗುತ್ತವೆ, ಮೇಲ್ಮೈ ವಿಸ್ತೀರ್ಣ ಕುಸಿಯುತ್ತದೆ.

ಯೋಜನೆ ಹುಟ್ಟಿದ್ದು ಈ ಎರಡು ಕೀರ್ತಿಗಳನ್ನು ಕೂಡಿಸುವ ಆಸೆಯಿಂದ. ಮಸಿ ತಾನಾಗಿಯೇ ಚೆನ್ನಾಗಿ ಉರಿಯಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಬೇಕು. ಡೀಸೆಲ್ ಹೊಗೆಯ ತಾಪ ಸಾಮಾನ್ಯವಾಗಿ 200ರಿಂದ 400 ಡಿಗ್ರಿ. ಆದ್ದರಿಂದ ಸೋಸುಕದಲ್ಲಿ ಕಟ್ಟಿಕೊಂಡ ಮಸಿಯನ್ನು ಸುಡಲು ಆಗಾಗ ಹೆಚ್ಚುವರಿ ಇಂಧನ ಉರಿಸಿ ತಾಪ ಏರಿಸಬೇಕಾಗುತ್ತದೆ. ಸೀರಿಯಾವನ್ನು ಗಾಜಿನಲ್ಲಿ ಕರಗಿಸಿದರೆ ಕಣಗಳು ಬೆಸೆದುಕೊಳ್ಳುವ ಮಾತೇ ಬರುವುದಿಲ್ಲ. ಗಾಜನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, ಎನಾಮಲ್ಲಿನ ಹಾಗೆ ಲೇಪಿಸಿ ಸುಟ್ಟರೆ ಉದುರುವ ಭಯವೂ ಇಲ್ಲ. ಕಾಗದದ ಮೇಲೆ ಇದು ಸೊಗಸಾದ ಯೋಚನೆ. ಗಾಜಿನೊಳಗಿನ ಸೀರಿಯಮ್ ಇನ್ನು ಸೀರಿಯಾ ಅಲ್ಲ ಎಂಬ ಒಂದು ಅಡಚಣೆಯನ್ನು ಮಾತ್ರ ಯೋಜನಾ ಪತ್ರದಲ್ಲಿ ಯಾರೂ ಎತ್ತಿರಲಿಲ್ಲ.

ಮೊದಲ ಗಾಜು, ಮೊದಲ ಸಂಭ್ರಮ

ಮೂಲಗಾಜಾಗಿ ಅವರು ಆರಿಸಿಕೊಂಡದ್ದು ಪೊಟ್ಯಾಸಿಯಮ್, ಕ್ಯಾಲ್ಸಿಯಮ್, ಸಿಲಿಕಾ ಬೆರೆತ ಸರಳ ಗಾಜನ್ನು. ಸಿಲಿಕಾ ಸುಮಾರು 60 ಮೋಲ್ ಪ್ರತಿಶತ (ತೂಕದಿಂದಲ್ಲ, ಕಣಗಳ ಎಣಿಕೆಯಿಂದ), ಪೊಟ್ಯಾಸಿಯಮ್ ಆಕ್ಸೈಡ್ ಸುಮಾರು 25, ಉಳಿದದ್ದರಲ್ಲಿ ಹೆಚ್ಚಿನ ಪಾಲು ಕ್ಯಾಲ್ಸಿಯಮ್ ಆಕ್ಸೈಡ್. ಸೀರಿಯಮ್ ಆಕ್ಸೈಡನ್ನು 3 ಪ್ರತಿಶತಕ್ಕೆ ನಿಲ್ಲಿಸಿದ್ದರು. ಕ್ಷಾರ, ಅಂದರೆ ಇಲ್ಲಿ ಪೊಟ್ಯಾಸಿಯಮ್, ಇಷ್ಟು ಹೆಚ್ಚಿದ್ದರೆ ಗಾಜು 1,400 ಡಿಗ್ರಿಯೊಳಗೆ ಸುಲಭವಾಗಿ ಕರಗುತ್ತದೆ, ವಿರಳ ಭೂಲೋಹದ ಅಯಾನುಗಳಿಗೆ ಕುಳಿತುಕೊಳ್ಳಲು ಜಾಗವೂ ಸಿಗುತ್ತದೆ. ಶುದ್ಧ ಸಿಲಿಕಾದಲ್ಲಾದರೆ ಈ ಅಯಾನುಗಳು ಗುಂಪುಗೂಡಿಕೊಂಡುಬಿಡುತ್ತವೆ. ಪೊಟ್ಯಾಸಿಯಮ್ಮನ್ನು ಆರಿಸಿದ್ದಕ್ಕೆ ಕರಗಿಸುವ ಅನುಕೂಲವನ್ನು ಬಿಟ್ಟರೆ ಬೇರೆ ಕಾರಣ ದಾಖಲೆಯಲ್ಲಿಲ್ಲ.

ಅಲ್ಯುಮಿನಾ ಮೂಸೆಯಲ್ಲಿ ಕರಗಿಸಿ ಲೋಹದ ಹಲಗೆಯ ಮೇಲೆ ಸುರಿದಾಗ ಸಿಕ್ಕದ್ದು ತಿಳಿ ಹಳದಿಯ, ಪಾರದರ್ಶಕ ಗಾಜು. ಎಕ್ಸ್-ಕಿರಣ ವಿವರ್ತನೆಯಲ್ಲಿ ಸ್ಫಟಿಕದ ಸುಳಿವೇ ಇರಲಿಲ್ಲ. ಪುಡಿಮಾಡಿ, ಮಾದರಿ ಮಸಿಯಾದ ಪ್ರಿಂಟೆಕ್ಸ್-ಯು ಜೊತೆ ಬೆರೆಸಿ, ಉಷ್ಣತೂಕ ಮಾಪನ ಯಂತ್ರದಲ್ಲಿ ಗಾಳಿಯೊಡನೆ ಕಾಯಿಸಿದರು. ಗಾಜಿಲ್ಲದೆ 600 ಡಿಗ್ರಿಯ ಸುಮಾರಿಗೆ ಅರ್ಧ ಸುಡುತ್ತಿದ್ದ ಮಸಿ, ಗಾಜಿನ ಜೊತೆ 430 ಡಿಗ್ರಿಯ ಆಸುಪಾಸಿನಲ್ಲೇ ಅರ್ಧ ಸುಟ್ಟಿತು.

170 ಡಿಗ್ರಿಯ ಇಳಿಕೆ ಸಣ್ಣದೇನಲ್ಲ. ಕರಡು ವರದಿ ಸಿದ್ಧವಾಯಿತು. ಗಾಜಿನ ಜಾಲದಲ್ಲಿ ಸೀರಿಯಮ್ +4 ಮತ್ತು +3ರ ನಡುವೆ ಓಡಾಡಿ ಆಮ್ಲಜನಕವನ್ನು ಮಸಿಗೆ ದಾಟಿಸುತ್ತಿದೆ ಎಂಬ ವಿವರಣೆಯೂ ಬಾಣದ ಗುರುತುಗಳ ಚಿತ್ರವೂ ಅದರಲ್ಲಿ ಬಂದಿದ್ದವು. ಚಿತ್ರ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಆ ಓಡಾಟವನ್ನು ಯಾರೂ ಅಳೆದಿಲ್ಲ ಎಂಬುದು ಎರಡನೇ ಓದಿನಲ್ಲಷ್ಟೇ ಕಣ್ಣಿಗೆ ಬೀಳುತ್ತಿತ್ತು.

ಕಾಗದದ ಮೇಲಿನ ಲೆಕ್ಕ

ಮೊದಲ ಸಂಶಯ ಹುಟ್ಟಿದ್ದು ಯಂತ್ರದಿಂದಲ್ಲ, ಗುಣಾಕಾರ ಭಾಗಾಕಾರದಿಂದ. ಗಾಜಿನ ಪುಡಿಯ ಕಣಗಳು ಸರಾಸರಿ 50 ಮೈಕ್ರೋಮೀಟರ್, ಸಾಂದ್ರತೆ ಘನ ಸೆಂಟಿಮೀಟರಿಗೆ 2.7 ಗ್ರಾಮ್. ಕಣಗಳನ್ನು ಗೋಳಗಳೆಂದುಕೊಂಡರೆ, ಸಾಂದ್ರತೆ ಮತ್ತು ವ್ಯಾಸಗಳ ಗುಣಲಬ್ಧದಿಂದ ಆರನ್ನು ಭಾಗಿಸಿದಾಗ ಒಂದು ಗ್ರಾಮಿನ ಮೇಲ್ಮೈ ಸಿಗುತ್ತದೆ. ಉತ್ತರ ಸುಮಾರು 0.04 ಚದರ ಮೀಟರ್. ಹತ್ತು ನ್ಯಾನೋಮೀಟರಿನ ಸೀರಿಯಾ ಕಣಗಳಿಗೆ ಇದೇ ಲೆಕ್ಕ ಹಾಕಿದರೆ ಗ್ರಾಮಿಗೆ ಎಂಬತ್ತಕ್ಕೂ ಹೆಚ್ಚು ಚದರ ಮೀಟರ್ ಬರುತ್ತದೆ. ಅಂತರ ಸುಮಾರು ಎರಡು ಸಾವಿರ ಪಟ್ಟು. ಗಾಜಿನ ಕಣದ ಹೊರಗಿನ ಒಂದು ನ್ಯಾನೋಮೀಟರ್ ಪದರದಲ್ಲಿರುವ ಸೀರಿಯಮ್ ಒಟ್ಟು ಸೀರಿಯಮ್ಮಿನ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೇ. ಇಷ್ಟು ಕಡಿಮೆ ಮೇಲ್ಮೈಯನ್ನು ಸಾರಜನಕದ ಹೊರಹೀರಿಕೆಯಿಂದ, ಅಂದರೆ ಮೇಲ್ಮೈಗೆ ಎಷ್ಟು ಅನಿಲ ಅಂಟುತ್ತದೆ ಎಂಬುದರಿಂದ, ನಂಬುವಂತೆ ಅಳೆಯಲೂ ಆಗದು; ಕ್ರಿಪ್ಟಾನ್ ಅನಿಲ ಬೇಕು. ಕ್ರಿಪ್ಟಾನ್ ಅಳತೆಯೂ ಕಾಗದದ ಲೆಕ್ಕಕ್ಕೇ ಹತ್ತಿರ ಬಂತು.

ಇಷ್ಟು ಬಡ ಮೇಲ್ಮೈ ಇಷ್ಟು ಶ್ರೀಮಂತ ಫಲ ಕೊಟ್ಟದ್ದು ಹೇಗೆ? ಸೀರಿಯಮ್ಮೇ ಇಲ್ಲದ ಅದೇ ಗಾಜನ್ನು ಪರೀಕ್ಷಿಸಿದ್ದೀರಾ ಎಂದು ಕರಡಿನ ಅಂಚಿನಲ್ಲಿ ಬರೆದೆ. ಪರೀಕ್ಷಿಸಿರಲಿಲ್ಲ.

ಮೂಸೆಯ ತಂಟೆ

ಇಲ್ಲಿ ಪ್ರಕರಣ ವಿಚಿತ್ರ ತಿರುವು ತೆಗೆದುಕೊಂಡಿತು. ಸೀರಿಯಮ್ ಇಲ್ಲದ ಗಾಜು ಮಸಿಯನ್ನು ಇನ್ನೂ ಕಡಿಮೆ ತಾಪದಲ್ಲಿ, 400 ಡಿಗ್ರಿಗೆ ಸಮೀಪವೇ, ಅರ್ಧ ಸುಟ್ಟುಹಾಕಿತು. ಅಂದರೆ ಸೀರಿಯಮ್ ಉಪಕಾರದ ಬದಲು ಅಪಕಾರ ಮಾಡುತ್ತಿದೆಯೇ? ತಂಡದಲ್ಲಿ ಒಂದು ದಿನ ಮೌನ, ಮರುದಿನ ವಾಗ್ವಾದ. ರಸಾಯನಶಾಸ್ತ್ರಜ್ಞರು ಯೋಜನೆಯನ್ನು ಕೈಬಿಡುವ ಮಾತಾಡಿದರೆ, ಮುಖ್ಯಸ್ಥೆ ಎರಡೂ ಗಾಜುಗಳ ಧಾತು ವಿಶ್ಲೇಷಣೆ ಬರುವವರೆಗೆ ಯಾವ ತೀರ್ಮಾನವೂ ಬೇಡ ಎಂದರು. ಇಡೀ ಪ್ರಕರಣದಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವ ನಿರ್ಧಾರ ಇದು.

ವಿಶ್ಲೇಷಣೆಯಲ್ಲಿ ಸೀರಿಯಮ್ ಗಾಜಿನೊಳಗೆ ಯಾರೂ ಹಾಕದ ಅಲ್ಯುಮಿನಾ ಗಣನೀಯವಾಗಿ ಸಿಕ್ಕಿತು. ಕ್ಷಾರ ಹೆಚ್ಚಿರುವ ಕರಗಿದ ಗಾಜು ಅಲ್ಯುಮಿನಾ ಮೂಸೆಯ ಗೋಡೆಯನ್ನು ತಿನ್ನುತ್ತದೆ. ಒಡೆದ ಮೂಸೆಯ ಒಳಮೈ ಗಾಜಿನ ಮಟ್ಟದಲ್ಲಿ ಕೊರೆದುಹೋದದ್ದು ಕಣ್ಣಿಗೇ ಕಾಣುತ್ತಿತ್ತು. ಹೋಲಿಕೆಗೆಂದು ಮಾಡಿದ ಗಾಜನ್ನು ವಿದ್ಯಾರ್ಥಿ ಆ ಹೊತ್ತಿಗೆ ಖಾಲಿಯಿದ್ದ ಪ್ಲಾಟಿನಮ್ ಮೂಸೆಯಲ್ಲಿ ಕರಗಿಸಿದ್ದ. ಹೀಗಾಗಿ ಎರಡು ಗಾಜುಗಳ ನಡುವೆ ಒಂದಲ್ಲ, ಎರಡು ವ್ಯತ್ಯಾಸಗಳಿದ್ದವು. ಅಲ್ಯುಮಿನಾ ಸಾಮಾನ್ಯ ಕಲ್ಮಶವಲ್ಲ. ಅದು ಗಾಜಿನ ಜಾಲದಲ್ಲಿ ಸಿಲಿಕಾನಿನ ಜಾಗದಲ್ಲಿ ಕುಳಿತು, ವಿದ್ಯುದಾವೇಶ ಸರಿದೂಗಿಸಲು ಪೊಟ್ಯಾಸಿಯಮ್ ಅಯಾನನ್ನು ಪಕ್ಕದಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಗಾಜು ನೀರಿಗೆ ಹೆಚ್ಚು ತಾಳಿಕೊಳ್ಳುತ್ತದೆ, ಪೊಟ್ಯಾಸಿಯಮ್ ಹೊರಬರುವುದು ಕಷ್ಟವಾಗುತ್ತದೆ.

ಎರಡನ್ನೂ ಪ್ಲಾಟಿನಮ್ ಮೂಸೆಯಲ್ಲಿ, ಒಂದೇ ತಾಪದಲ್ಲಿ, ಒಂದೇ ಅವಧಿ ಕರಗಿಸಿ ಮತ್ತೆ ಪರೀಕ್ಷಿಸಿದಾಗ ಸೀರಿಯಮ್ ಇದ್ದದ್ದಕ್ಕೂ ಇಲ್ಲದ್ದಕ್ಕೂ ಅಳತೆಯ ತಪ್ಪಿನ ಮಿತಿಯೊಳಗಿನ ವ್ಯತ್ಯಾಸವಷ್ಟೇ ಉಳಿಯಿತು. ಇಲ್ಲಿಗೆ ಬಾಣದ ಗುರುತುಗಳ ಚಿತ್ರ ಬಿದ್ದುಹೋಯಿತು ಎಂದೇ ನಾನು ಅಂದುಕೊಂಡಿದ್ದೆ. ಆದರೆ ಪ್ರಿಯವಾದ ವಿವರಣೆಗಳು ಅಷ್ಟು ಬೇಗ ಬೀಳುವುದಿಲ್ಲ.

ಸೀರಿಯಮ್ಮಿನ ಪರ ವಿರೋಧ

ಫಲ ಒಂದೇ ಇದ್ದರೂ ದಾರಿ ಬೇರೆ ಇರಬಹುದಲ್ಲವೇ ಎಂಬುದು ಒಬ್ಬ ವಿದ್ಯಾರ್ಥಿನಿಯ ವಾದ. ಆಕೆಯ ಬಳಿ ಎಕ್ಸ್-ಕಿರಣ ದ್ಯುತಿಇಲೆಕ್ಟ್ರಾನ್ ರೋಹಿತವಿತ್ತು, ಅಂದರೆ ಎಕ್ಸ್-ಕಿರಣ ಬಿದ್ದಾಗ ಮೇಲ್ಮೈಯಿಂದ ಚಿಮ್ಮುವ ಇಲೆಕ್ಟ್ರಾನುಗಳ ಶಕ್ತಿಯ ನಕ್ಷೆ. ಅದರಲ್ಲಿ +3 ಸ್ಥಿತಿಯ ಸೀರಿಯಮ್ ಎದ್ದು ಕಾಣುತ್ತಿತ್ತು, +4ರ ಗುರುತಾದ 917 ಇಲೆಕ್ಟ್ರಾನ್ ವೋಲ್ಟಿನ ಸುಮಾರಿನ ಶಿಖರವೂ ಸಣ್ಣದಾಗಿತ್ತು. ಎರಡೂ ಸ್ಥಿತಿಗಳಿವೆ ಎಂದಮೇಲೆ ಓಡಾಟ ನಡೆದಿರಲೇಬೇಕು ಎಂಬುದು ತರ್ಕ. ಇದಕ್ಕೆ ಎದುರಾದ ತಕರಾರು ಈ ಕ್ಷೇತ್ರದವರಿಗೆಲ್ಲ ಗೊತ್ತಿರುವಂಥದು: ನಿರ್ವಾತದಲ್ಲಿ ಎಕ್ಸ್-ಕಿರಣ ಬೀಳುತ್ತಿದ್ದ ಹಾಗೆಯೇ +4 ಸೀರಿಯಮ್ +3ಕ್ಕೆ ಇಳಿಯುತ್ತದೆ. ಒಂದೇ ಮಾದರಿಯನ್ನು ಬಿಡದೆ ಹಲವು ಬಾರಿ ಅಳೆದಾಗ ಆ ಸಣ್ಣ ಶಿಖರ ಪ್ರತಿ ಸುತ್ತಿಗೂ ಕುಗ್ಗುತ್ತ ಹೋಯಿತು. ಅಳೆಯುವ ಯಂತ್ರವೇ ಮಾದರಿಯನ್ನು ಬದಲಿಸುತ್ತಿದ್ದಾಗ ಆ ಅನುಪಾತಕ್ಕೆ ಬೆಲೆ ಎಲ್ಲಿಯದು? ದೃಗ್ಗೋಚರ ಮತ್ತು ಅತಿನೇರಳೆ ಹೀರಿಕೆ ಹೆಚ್ಚು ವಿಶ್ವಾಸಾರ್ಹ ಸಾಕ್ಷಿಯಾಯಿತು. +3 ಸೀರಿಯಮ್ 315 ನ್ಯಾನೋಮೀಟರ್ ಸುಮಾರಿನಲ್ಲಿ ಹೀರುತ್ತದೆ. +4ರ ಅಗಲವಾದ ಪಟ್ಟಿಯ ಬಾಲ ಕಣ್ಣಿಗೆ ಕಾಣುವ ಬೆಳಕಿನವರೆಗೆ ಚಾಚಿಕೊಂಡು ಗಾಜಿಗೆ ಹಳದಿ ಕೊಡುತ್ತದೆ. ಎರಡೂ ಇದ್ದವು, ನಿಜ. ಆದರೆ ಮಸಿ ಸುಡುವ ಮೊದಲೂ ಆಮೇಲೂ ಅನುಪಾತ ಬದಲಾಗಿರಲಿಲ್ಲ.

ಹೈಡ್ರೋಜನ್ ಹರಿಸಿ ಕಾಯಿಸುವ ಪರೀಕ್ಷೆಯಲ್ಲಿ ಸೀರಿಯಾ ಪುಡಿ 500 ಡಿಗ್ರಿಯ ಆಸುಪಾಸಿನಲ್ಲಿ ಮೇಲ್ಮೈಯ ಆಮ್ಲಜನಕವನ್ನೂ 800ರ ಸುಮಾರಿಗೆ ಒಳಗಿನದನ್ನೂ ಬಿಟ್ಟುಕೊಡುತ್ತದೆ. ಗಾಜಿನ ಪುಡಿ ಚಪ್ಪಟೆ ಗೆರೆ ಎಳೆಯಿತು. ಆಮ್ಲಜನಕವಿಲ್ಲದ ಸಾರಜನಕದಲ್ಲಿ ಕಾಯಿಸಿದಾಗಲೂ ಸೀರಿಯಾ ಪುಡಿ ತನ್ನ ಒಡಲಿನ ಆಮ್ಲಜನಕದಿಂದ ಸ್ವಲ್ಪ ಮಸಿಯನ್ನು ಸುಟ್ಟಿತು. ಗಾಜು ಎಳ್ಳಷ್ಟೂ ಕೊಡಲಿಲ್ಲ.

ವಾದಕ್ಕೆ ತೆರೆ ಎಳೆದದ್ದು ಇವಾವುವೂ ಅಲ್ಲ, ಒಂದು ಬದಲಿ ಪ್ರಯೋಗ. ಸೀರಿಯಮ್ಮಿನ ಜಾಗದಲ್ಲಿ ಅಷ್ಟೇ ಲ್ಯಾಂಥನಮ್ ಹಾಕಿ ಗಾಜು ಮಾಡೋಣ ಎಂದರು ಮುಖ್ಯಸ್ಥೆ. ಆವರ್ತ ಕೋಷ್ಟಕದಲ್ಲಿ ಎರಡೂ ಅಕ್ಕಪಕ್ಕದವು, +3 ಅಯಾನುಗಳ ಗಾತ್ರವೂ ಹೆಚ್ಚುಕಡಿಮೆ ಒಂದೇ. ಆದರೆ ಲ್ಯಾಂಥನಮ್ಮಿಗೆ ಗಾಜಿನಲ್ಲಿ +3 ಬಿಟ್ಟು ಬೇರೆ ಸ್ಥಿತಿಯಿಲ್ಲ, ಓಡಾಡುವ ಮಾತೇ ಇಲ್ಲ. ಸೀರಿಯಮ್ಮಿನ ಓಡಾಟವೇ ಮಸಿ ಸುಡುವುದಾದರೆ ಲ್ಯಾಂಥನಮ್ ಗಾಜು ಸೋಲಬೇಕು. ಅದು ಸೋಲಲಿಲ್ಲ. ಮೂರೂ ಗಾಜುಗಳ ವಕ್ರರೇಖೆಗಳು ಒಂದರ ಮೇಲೊಂದು ಕುಳಿತವು. ಹತ್ತು ಸೂಕ್ಷ್ಮ ಯಂತ್ರಗಳ ಸಾಕ್ಷ್ಯಕ್ಕಿಂತ ಇಂಥ ಒಂದು ಜಾಣ ಬದಲಿ ಹೆಚ್ಚು ಹೇಳುತ್ತದೆ ಎಂಬುದು ನನ್ನ ಪಕ್ಷಪಾತದ ಅಭಿಪ್ರಾಯ.

ಪೊಟ್ಯಾಸಿಯಮ್ ಹೊರಗೆ ಬರುತ್ತದೆ

ಹಾಗಾದರೆ ಮಸಿ ಸುಡುತ್ತಿದ್ದದ್ದು ಯಾರು? ಒಂದು ಲೋಟ ಶುದ್ಧ ನೀರಿಗೆ ಗಾಜಿನ ಪುಡಿ ಹಾಕಿ ಒಂದು ದಿನ ಬಿಟ್ಟರು. ಮರುದಿನ ನೀರಿನ ಪಿಎಚ್ 11ರ ಹತ್ತಿರ ಇತ್ತು. ತೊಳೆದು ಒಣಗಿಸಿದ ಪುಡಿಯ ಚುರುಕು ಬಹುಪಾಲು ಇಳಿದುಹೋಗಿತ್ತು. ಅದೇ ಪುಡಿಯನ್ನು ಮೆತ್ತಗಾಗದಷ್ಟು ತಾಪದಲ್ಲಿ ಕೆಲವು ಗಂಟೆ ಇಟ್ಟು ಮತ್ತೆ ಪರೀಕ್ಷಿಸಿದಾಗ ಚುರುಕು ಮರಳಿತು. ಮೇಲ್ಮೈಯಿಂದ ನೀರಿಗೆ ಹೋದ ಪೊಟ್ಯಾಸಿಯಮ್ಮಿನ ಜಾಗಕ್ಕೆ ಒಳಗಿನದು ನಿಧಾನವಾಗಿ ಸರಿದು ಬಂದಿತ್ತು.

ಪೊಟ್ಯಾಸಿಯಮ್ ಮಸಿಯನ್ನು ಸುಡಿಸುವುದರಲ್ಲಿ ನಿಪುಣ ಎಂಬುದು ಹಳೆಯ ಸಂಗತಿ. ಮಸಿಯೂ ಘನ, ಕ್ರಿಯಾವರ್ಧಕವೂ ಘನ. ಎರಡು ಘನಗಳು ತಾಗುವುದು ಕೆಲವೇ ಬಿಂದುಗಳಲ್ಲಿ. ಖಲ್ಲಿನಲ್ಲಿ ಅರೆದು ಬೆರೆಸಿದರೆ ಸೀರಿಯಾ ಚೆನ್ನಾಗಿ ಕೆಲಸ ಮಾಡುತ್ತದೆ, ಚಮಚದಲ್ಲಿ ಸುಮ್ಮನೆ ಕಲಸಿದರೆ ಬಹಳ ಹಿಂದೆ ಬೀಳುತ್ತದೆ. ವಾಹನದ ಸೋಸುಕದಲ್ಲಿ ಖಲ್ಲು ಹಿಡಿದು ಅರೆಯುವವರಿಲ್ಲ. ಪೊಟ್ಯಾಸಿಯಮ್ ಸಂಯುಕ್ತಗಳು ಮಾತ್ರ ತಾವಾಗಿಯೇ ಮಸಿಯ ಮೇಲೆ ಹರಡಿಕೊಂಡು ಈ ತೊಡಕನ್ನು ದಾಟುತ್ತವೆ. ಹೊಗೆಯಲ್ಲಿ ಸಾರಜನಕದ ಆಕ್ಸೈಡುಗಳಿದ್ದರೆ 334 ಡಿಗ್ರಿಯಲ್ಲೇ ಕರಗುವ ಪೊಟ್ಯಾಸಿಯಮ್ ನೈಟ್ರೇಟ್ ಆಗಿ ಇನ್ನೂ ಸಲೀಸು. ಆದರೆ ಹರಿದಾಡುವ ಗುಣವೇ ಅದರ ಶತ್ರು. ಪೊಟ್ಯಾಸಿಯಮ್ ಲವಣವನ್ನು ನೇರವಾಗಿ ಬಳಿದರೆ ತಣ್ಣನೆಯ ಎಂಜಿನ್ ಶುರುವಾದಾಗ ಕಟ್ಟುವ ನೀರಹನಿಯಲ್ಲಿ ತೊಳೆದುಹೋಗುತ್ತದೆ, ಬಿಸಿಯಲ್ಲಿ ಆವಿಯಾಗುತ್ತದೆ.

ಈ ಹಂತದಲ್ಲಿ ಪ್ರಶ್ನೆ ತಿರುಗಿತು. ಸೀರಿಯಮ್ ಹೇಗೆ ಸುಡುತ್ತದೆ ಎನ್ನುವುದನ್ನು ಬಿಟ್ಟು, ಪೊಟ್ಯಾಸಿಯಮ್ ಎಷ್ಟು ಕಾಲ ಉಳಿಯುತ್ತದೆ ಎಂದು ಕೇಳತೊಡಗಿದರು. ತೊಳೆಯುವುದು, ಒಣಗಿಸುವುದು, ಸುಡುವುದು ಹೀಗೆ ಸುತ್ತುಗಳನ್ನು ನಡೆಸಿದಾಗ, ಮೊದಲ ಸುತ್ತಿನಲ್ಲಿ ಒಂದೇ ಆಗಿದ್ದ ಮೂರು ಗಾಜುಗಳು ಬೇರೆಯಾಗತೊಡಗಿದವು. ವಿರಳ ಭೂಲೋಹ ಇಲ್ಲದ ಗಾಜಿನ ಕಣಗಳು ಕೆಲವೇ ಸುತ್ತುಗಳಲ್ಲಿ ಮಬ್ಬಾಗಿ, ಮೈ ಬಿರಿದು, ಮೆತ್ತಿಕೊಳ್ಳುವ ಹುಡಿಯಾದವು. ಲ್ಯಾಂಥನಮ್ ಮತ್ತು ಸೀರಿಯಮ್ ಗಾಜುಗಳು ಪ್ರತಿ ಸುತ್ತಿನಲ್ಲೂ ಸ್ವಲ್ಪವೇ ಪೊಟ್ಯಾಸಿಯಮ್ ಬಿಟ್ಟುಕೊಟ್ಟು ಬಹುಕಾಲ ನಿಂತವು. ಲ್ಯಾಂಥನಮ್ಮಿನದು ತುಸು ಮುಂದು.

ಗಾಜಿನ ತಂತ್ರಜ್ಞರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಮೂರು ಧನ ಆವೇಶದ ದೊಡ್ಡ ಅಯಾನು ಸುತ್ತಲಿನ ಆಮ್ಲಜನಕಗಳನ್ನು ಬಿಗಿಯಾಗಿ ಎಳೆದುಕೊಳ್ಳುತ್ತದೆ. ಗಾಜಿನ ಗಡಸುತನ, ಮೆದುವಾಗುವ ತಾಪ, ನೀರಿಗೆ ತಾಳುವ ಶಕ್ತಿ ಏರುತ್ತವೆ. ಮೋರಿಯ ಕಾಲದಿಂದ ವಿರಳ ಭೂಲೋಹಗಳು ಗಾಜಿಗೆ ಸಲ್ಲಿಸುತ್ತ ಬಂದ ಸೇವೆ ಇದು. ಈ ಪ್ರಕರಣದಲ್ಲೂ ಅವು ಮಾಡಿದ್ದು ಅದನ್ನೇ: ಪೊಟ್ಯಾಸಿಯಮ್ಮಿನ ಹೊರಹರಿವಿಗೆ ಕಾವಲು ನಿಂತವು. ಕರಡು ವರದಿ ಕಾವಲುಗಾರನ ಕೊರಳಿಗೆ ಅಡುಗೆಯವನ ಹಾರ ಹಾಕಿತ್ತು.

ರಂಧ್ರಗಾಜಿನ ಅಡ್ಡದಾರಿ

ಇದರ ನಡುವೆ ರಸಾಯನಶಾಸ್ತ್ರಜ್ಞರು ಸೀರಿಯಮ್ಮನ್ನು ಮೇಲ್ಮೈಗೆ ತಂದೇ ತೀರುವ ಹಟದಲ್ಲಿ ಇನ್ನೊಂದು ದಾರಿ ಹಿಡಿದಿದ್ದರು. 1930ರ ದಶಕದಲ್ಲಿ ಕಾರ್ನಿಂಗ್ ಕಂಪನಿಯಲ್ಲಿ ಹುಡ್ ಮತ್ತು ನಾರ್ಡ್‌ಬರ್ಗ್ ರೂಪಿಸಿದ ವೈಕಾರ್ ವಿಧಾನ ಅದಕ್ಕೆ ಆಧಾರ. ಸೋಡಿಯಮ್ ಬೋರೋಸಿಲಿಕೇಟ್ ಗಾಜನ್ನು 500ರಿಂದ 600 ಡಿಗ್ರಿಯಲ್ಲಿ ಬಹಳ ಹೊತ್ತು ಇಟ್ಟರೆ ಒಳಗೊಳಗೇ ಎರಡು ಭಾಗವಾಗುತ್ತದೆ: ಒಂದು ಸಿಲಿಕಾ ತುಂಬಿದ್ದು, ಇನ್ನೊಂದು ಬೋರೇಟ್ ಮತ್ತು ಸೋಡಿಯಮ್ ತುಂಬಿದ್ದು. ಬಿಸಿ ಆಮ್ಲದಲ್ಲಿ ಎರಡನೆಯದು ಕರಗಿ ಹೋಗಿ ಕೆಲವು ನ್ಯಾನೋಮೀಟರ್ ಅಗಲದ ರಂಧ್ರಗಳಿಂದ ತುಂಬಿದ ಸಿಲಿಕಾ ಗಾಜು ಉಳಿಯುತ್ತದೆ. ಗ್ರಾಮಿಗೆ ನೂರು ಚದರ ಮೀಟರಿಗೂ ಹೆಚ್ಚು ಮೇಲ್ಮೈ. ಮೊದಲೇ ಸೀರಿಯಮ್ ಹಾಕಿ ಕರಗಿಸಿದರೆ ರಂಧ್ರಗಳ ಗೋಡೆಯಲ್ಲಿ ಅದು ಬಯಲಾಗುತ್ತದೆ ಎಂಬ ನಿರೀಕ್ಷೆ.

ಶಾಖಕ್ಕಿಟ್ಟ ಗಾಜು ನೀಲಿ ಛಾಯೆಯ ಹಾಲುಬಣ್ಣಕ್ಕೆ ತಿರುಗಿತು, ಆಮ್ಲದಲ್ಲಿ ಸೋಸಿ ತೆಗೆದ ಮೇಲೆ ಮೇಲ್ಮೈ ವಿಸ್ತೀರ್ಣವೂ ನಿರೀಕ್ಷೆಯಂತೆ ಬಂತು. ಆದರೆ ಅದು ಮಸಿಯನ್ನು ಮುಟ್ಟಲೂ ಇಲ್ಲ. ಚೆಲ್ಲಬೇಕಿದ್ದ ಆಮ್ಲವನ್ನು ವಿದ್ಯಾರ್ಥಿಯೊಬ್ಬ ಎತ್ತಿಟ್ಟಿದ್ದ. ಅದಕ್ಕೆ ಅಮೋನಿಯಾ ಹನಿಸಿದಾಗ ಬಿಳಿ ಒತ್ತರ (ದ್ರಾವಣದಿಂದ ಬೇರ್ಪಟ್ಟ ಗಸಿ) ಬಂತು. ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿದೊಡನೆ ಅದು ಕಿತ್ತಳೆಗೆಂಪಾಗಿ ಕಂದಿತು. ಸೀರಿಯಮ್ಮಿನ ಹಳೆಯ, ಖರ್ಚಿಲ್ಲದ ಪರೀಕ್ಷೆ ಇದು. ಎರಡು ಭಾಗವಾಗುವಾಗ ವಿರಳ ಭೂಲೋಹಗಳು ಸಿಲಿಕಾದ ಬಿಗಿ ಜಾಲವನ್ನು ತೊರೆದು ಬೋರೇಟ್ ಭಾಗಕ್ಕೆ ವಲಸೆ ಹೋಗುತ್ತವೆ, ಆಮ್ಲ ಬಂದಾಗ ಅದರ ಜೊತೆಗೇ ತೊಳೆದುಹೋಗುತ್ತವೆ. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ.

ಬರಿಯ ರಂಧ್ರಗಾಜನ್ನು ಸೀರಿಯಮ್ ನೈಟ್ರೇಟ್ ದ್ರಾವಣದಲ್ಲಿ ನೆನೆಸಿ ಸುಟ್ಟು, ರಂಧ್ರಗಳೊಳಗೆ ಸೀರಿಯಾವನ್ನು ಕೂಡಿಸಿದರು. ಈ ಸಲ ಮೇಲ್ಮೈಯೂ ಇತ್ತು, ನಿಜವಾದ ಸೀರಿಯಾವೂ ಇತ್ತು, ಹೈಡ್ರೋಜನ್ ಪರೀಕ್ಷೆಯಲ್ಲಿ ಆಮ್ಲಜನಕವೂ ಹೊರಬಂತು. ಮಸಿ ಸುಡುವುದರಲ್ಲಿ ಮಾತ್ರ ಹಿಂದಿನ ಕಥೆಯೇ. ಮಸಿಯ ಮೂಲಕಣ 20ರಿಂದ 40 ನ್ಯಾನೋಮೀಟರ್, ರಂಧ್ರ ಸುಮಾರು 4 ನ್ಯಾನೋಮೀಟರ್. ಬಾಗಿಲಿಗಿಂತ ಅತಿಥಿ ದಪ್ಪ! ಅನಿಲಗಳಿಗೆ ಒಪ್ಪುವ ಮೇಲ್ಮೈ ವಿಸ್ತೀರ್ಣದ ಅಂಕಿ ಘನ ಕಣಗಳ ಮಟ್ಟಿಗೆ ಅರ್ಥ ಕಳೆದುಕೊಳ್ಳುತ್ತದೆ. ಕಾರ್ಬನ್ ಮೊನಾಕ್ಸೈಡ್ ಸುಡುವ ಪರೀಕ್ಷೆಯಲ್ಲಿ ಇದೇ ವಸ್ತು ಚೆನ್ನಾಗಿ ನಡೆದುಕೊಂಡದ್ದರಿಂದ ಅದನ್ನು ಪ್ರತ್ಯೇಕ ಕೆಲಸವಾಗಿ ಬದಿಗಿಟ್ಟರು. ಸರಿಯಾದ ತೀರ್ಮಾನ.

ಲೇಪ, ಬಿರುಕು, ಗಂಧಕ

ಉಳಿದದ್ದು ಪೊಟ್ಯಾಸಿಯಮ್-ಲ್ಯಾಂಥನಮ್ ಗಾಜನ್ನು ಲೇಪವಾಗಿಸುವ ಕೆಲಸ. ಸೋಸುಕಗಳಲ್ಲಿ ಬಳಕೆಯಲ್ಲಿರುವ ಕಾರ್ಡಿಯರೈಟ್ ಪಿಂಗಾಣಿಯ ಮೇಲೆ ಬಳಿದು ಸುಟ್ಟಾಗ ತಣಿಯುವಷ್ಟರಲ್ಲೇ ಲೇಪ ಬಲೆಯಂತೆ ಬಿರಿಯಿತು. ಕಾರ್ಡಿಯರೈಟ್ ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ ಒಂದೆರಡು ಪಾಲಷ್ಟೇ ಹಿಗ್ಗುತ್ತದೆ. ಕ್ಷಾರ ತುಂಬಿದ ಗಾಜು ಒಂಬತ್ತು ಹತ್ತು ಪಾಲು. ಅಷ್ಟೂ ಸಾಲದೆಂಬಂತೆ ಬಿಸಿಯಲ್ಲಿ ಪೊಟ್ಯಾಸಿಯಮ್ ಕಾರ್ಡಿಯರೈಟನ್ನೇ ಕೊರೆಯುತ್ತದೆ. ಕಬ್ಬಿಣ, ಕ್ರೋಮಿಯಮ್, ಅಲ್ಯುಮಿನಿಯಮ್ ಬೆರೆತ ಶಾಖ ತಾಳುವ ಲೋಹದ ಹಾಳೆಗೆ ಬದಲಾಯಿಸಿದ ಮೇಲೆ ಹಿಗ್ಗುವಿಕೆ ಹೆಚ್ಚುಕಡಿಮೆ ಹೊಂದಿಕೊಂಡಿತು, ಲೇಪ ನಿಂತಿತು. ಆಧಾರದ ಆಯ್ಕೆ ಗಾಜಿನ ಆಯ್ಕೆಯ ಜೊತೆಗೇ ಆಗಬೇಕಿತ್ತು. ಕೊನೆಗೆ ಉಳಿಸಿಕೊಂಡದ್ದರಿಂದ ಕೆಲವು ತಿಂಗಳು ದಂಡವಾದವು.

ಇನ್ನು ಗಂಧಕ. ಹೊಗೆಯ ಗಂಧಕದ ಡೈಆಕ್ಸೈಡ್ ಪೊಟ್ಯಾಸಿಯಮ್ಮನ್ನು ಸಲ್ಫೇಟ್ ಮಾಡುತ್ತದೆ. ಅದು ಕರಗುವುದು 1,069 ಡಿಗ್ರಿಯಲ್ಲಿ, ಆದ್ದರಿಂದ ಮಸಿಯ ಮೇಲೆ ಹರಡದೆ ಜಡವಾಗಿ ಕೂರುತ್ತದೆ. ಪ್ರಯೋಗಾಲಯದಲ್ಲಿ ದಶಲಕ್ಷಕ್ಕೆ 50 ಪಾಲು ಗಂಧಕದ ಡೈಆಕ್ಸೈಡ್ ಹರಿಸಿದಾಗ ಲೇಪ ಬೇಗನೆ ಸೋತಿತು. ಯೋಜನೆಯನ್ನು ಇಲ್ಲಿಗೇ ಮುಗಿಸುವುದೇ ಎಂಬ ಚರ್ಚೆ ಎದ್ದಾಗ ಮುಖ್ಯಸ್ಥೆ ಮತ್ತೆ ಲೆಕ್ಕಕ್ಕೆ ಕುಳಿತರು. ದಶಲಕ್ಷಕ್ಕೆ 10 ಪಾಲು ಗಂಧಕವಿರುವ ಡೀಸೆಲ್ ತನ್ನ ತೂಕದ ಇಪ್ಪತ್ತು ಪಟ್ಟಿಗೂ ಹೆಚ್ಚು ಗಾಳಿಯೊಡನೆ ಉರಿದಾಗ ಹೊಗೆಯಲ್ಲಿ ಉಳಿಯುವ ಗಂಧಕದ ಡೈಆಕ್ಸೈಡ್ ಒಂದು ಪಾಲಿಗಿಂತ ಕಡಿಮೆ. ಪರೀಕ್ಷೆ ನಿಜಕ್ಕಿಂತ ಐವತ್ತು ಪಟ್ಟಿಗೂ ಮೀರಿದ ಕಾಟ ಕೊಟ್ಟಿತ್ತು. ಹಾಗೆಂದು ಆ ಫಲಿತಾಂಶವನ್ನು ಬಿಸಾಡಲಿಲ್ಲ. ಗಂಧಕದ ಒಟ್ಟು ಪ್ರಮಾಣವನ್ನು ಆಯುಸ್ಸಿನ ಲೆಕ್ಕಕ್ಕೆ ಪರಿವರ್ತಿಸಿ ವರದಿಯಲ್ಲಿ ಹಾಗೆಯೇ ಬರೆದರು.

ಸಲ್ಫೇಟ್ ಕಟ್ಟಿದ ಹಾಳೆಯನ್ನು ನೀರಿನಲ್ಲಿ ತೊಳೆದು ಕಾಯಿಸಿದಾಗ ಒಳಗಿನ ಪೊಟ್ಯಾಸಿಯಮ್ ಮೇಲೆ ಬಂದು ಚುರುಕು ಬಹುಮಟ್ಟಿಗೆ ಮರಳಿದ್ದು ಯಾರೂ ಎಣಿಸಿರದ ಲಾಭ. ಆದರೆ ಹೀಗೆ ಮರಳಿಸಬಹುದಾದ ಸುತ್ತುಗಳು ಗಾಜಿನೊಳಗಿನ ದಾಸ್ತಾನಿನಷ್ಟೇ. ಲ್ಯಾಂಥನಮ್ಮನ್ನು 3ರಿಂದ 6 ಪ್ರತಿಶತಕ್ಕೆ ಏರಿಸಿದಾಗ ದಾಸ್ತಾನು ಹೆಚ್ಚು ಕಾಲ ಉಳಿಯಿತು, ಆದರೆ ಪೊಟ್ಯಾಸಿಯಮ್ ಎಷ್ಟು ಜಿಪುಣವಾಗಿ ಹೊರಬಂತೆಂದರೆ ಮಸಿಯ ಅರ್ಧ ಉರಿಯುವ ತಾಪ ಮತ್ತೆ 450 ಡಿಗ್ರಿ ದಾಟಿತು. ಈಗ ತಂಡ 3 ಮತ್ತು 6ರ ನಡುವಿನ ಗಾಜುಗಳನ್ನು ಕರಗಿಸುತ್ತಿದೆ. ಎಲ್ಲವನ್ನೂ ಪ್ಲಾಟಿನಮ್ ಮೂಸೆಯಲ್ಲಿ, ಪ್ರತಿಯೊಂದರ ಜೊತೆ ವಿರಳ ಭೂಲೋಹವಿಲ್ಲದ ಜೋಡಿಗಾಜೊಂದನ್ನು ಇಟ್ಟುಕೊಂಡು.